ಹೌದೆನ್ನುವ ನಾಲ್ವರು, ಒಬ್ಬ ಮುದ್ದಣ್ಣ

ನಾಸಿಕ್
11 ಫೆಬ್ರವರಿ 1968

ಅಕ್ಕಾ,

ನಿನಗೂ ಮಾವನಿಗೂ ಶರಣು. ನೀನು ಬಸ್ಸಿನಲ್ಲಿ ಕಳಿಸಿದ ಖಡಕ್ ರೊಟ್ಟಿ ಮುರಿಯದೆ ಬಂದು ಮುಟ್ಟಿತು. ಶೇಂಗಾ ಹಿಂಡಿಯ ಡಬ್ಬಿ ಮಾತ್ರ ವೈಜಾಪುರದ ಹತ್ತಿರ ಎಲ್ಲೋ ಬಾಯಿ ಬಿಟ್ಟು, ಕಂಡಕ್ಟರನ ಚೀಲಕ್ಕೆಲ್ಲ ಖಾರ ಬಡಿದು, ಆತ ನನಗೆ ಮರಾಠಿಯಲ್ಲಿ ಬೈದು ಡಬ್ಬಿ ಕೊಟ್ಟ. ಉಳಿದದ್ದನ್ನು ನಾವು ಬೆರಳು ನೆಕ್ಕಿ ತಿಂದೆವು.

ಈ ಸಲ ದೊಡ್ಡ ಸುದ್ದಿಯಿದೆ. ನಮ್ಮ ಪಂಪಿನ ಕಾರ್ಖಾನೆಯ ಮಾಲೀಕರು, ಶೇಟ್, ನನ್ನನ್ನು ಕರೆದು ಕುರ್ಚಿ ಕೊಟ್ಟು ಕೂರಿಸಿದರು. ಇಲ್ಲಿನ ದ್ರಾಕ್ಷಿ ತೋಟಗಳಲ್ಲಿ ಔಷಧಿ ಹೊಡೆಯಲು ಕಾಲಲ್ಲಿ ತುಳಿಯುವ ಪಂಪು ಇದೆ. ಒಬ್ಬರು ತುಳಿಯಬೇಕು, ಇನ್ನೊಬ್ಬರು ನಳಿಗೆ ಹಿಡಿದು ಓಡಾಡಬೇಕು. ಅದರ ಬದಲು ಒಬ್ಬರೇ ಬೆನ್ನಿಗೆ ಹಾಕಿಕೊಂಡು ನಡೆಸುವಂಥದ್ದು, ತೋಟದ ಹೆಂಗಸರಿಗೂ ಭಾರವಾಗದಂಥದ್ದು ಬೇಕಂತೆ. ಅದಕ್ಕೊಂದು ಹೊಸ ವಿಭಾಗ, ಅದಕ್ಕೆ ನಾನೇ ಮುಖ್ಯಸ್ಥ! ಅಪ್ಪ ಇದ್ದಿದ್ದರೆ ಇವತ್ತು ಇಡೀ ಬೀದರಕ್ಕೆ ಪೇಢೆ ಹಂಚುತ್ತಿದ್ದರು.

ಜನರನ್ನು ನೀನೇ ಆರಿಸಿಕೋ ಎಂದರು. ನಾನು ಹೆಚ್ಚು ಹುಡುಕಲೇ ಇಲ್ಲ. ರವಿವಾರ ನನ್ನ ಖೋಲಿಯಲ್ಲಿ ಊಟಕ್ಕೆ ಕೂಡುವ ನಮ್ಮ ಕನ್ನಡದ ಹುಡುಗರನ್ನೇ ತೆಗೆದುಕೊಂಡೆ. ಉಡುಪಿ ಕಡೆಯ ಶೀನ ನಕ್ಷೆ ಬರೆಯುತ್ತಾನೆ. ಮೈಸೂರಿನ ಲಿಂಗರಾಜು ಲೇತಿನ ಮೇಲೆ ಕೂತರೆ ಕಬ್ಬಿಣ ಬೆಣ್ಣೆಯಾಗುತ್ತದೆ. ಲೆಕ್ಕಾಚಾರಕ್ಕೆ ಬೆಂಗಳೂರಿನ ಸುಬ್ರಹ್ಮಣ್ಯ. ಮೂವರೂ ಬಂಗಾರದಂಥ ಹುಡುಗರು, ಒಬ್ಬರ ಮಾತಿಗೆ ಒಬ್ಬರು ಎದುರಾಡಿದ್ದಿಲ್ಲ. ಶೇಟ್ ಮಾತ್ರ, "ಎಲ್ಲಾ ನಿಮ್ಮವರೇ ಆದರಲ್ಲ ವಿಶ್ವನಾಥರಾವ್, ನಮ್ಮ ಹಳೆಯ ಫಿಟ್ಟರನೊಬ್ಬ ಇರಲಿ" ಎಂದರು. ಆ ಫಿಟ್ಟರ್ ಗೋಡೆಯ ಜೊತೆಗೂ ಜಗಳ ತೆಗೆಯುವ ಮನುಷ್ಯ. ಬೇಡ ಎಂದೆ. ಒಂದೇ ಮನೆಯವರ ಹಾಗೆ ಕೆಲಸ ಸಾಗಲಿ ಎಂದೆ.

ಒಂದು ಷರತ್ತು ಇದೆ. ಅಕ್ಟೋಬರಿನಲ್ಲಿ ದ್ರಾಕ್ಷಿಯ ಛಾಟಣಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ಶುರುವಾಗುತ್ತದೆ. ಅಷ್ಟರೊಳಗೆ ಪಂಪು ತೋಟದಲ್ಲಿ ನಡೆದು ತೋರಿಸಬೇಕು. ಇಲ್ಲದಿದ್ದರೆ ವಿಭಾಗಕ್ಕೆ ಬೀಗ. ನಾನು ಹಳೆಯ ತಪಾಸಣೆಯ ಮೇಜಿಗೆ ವಾಪಸು ಹೋಗಬೇಕು. ಈ ಹುಡುಗರು ನನ್ನ ಮಾತು ನಂಬಿ ಇದ್ದ ಕೆಲಸ ಬಿಟ್ಟು ಬಂದವರು, ಬೀದಿಗೆ ಬೀಳುತ್ತಾರೆ. ಆದರೆ ಹಾಗೇನೂ ಆಗುವುದಿಲ್ಲ ಬಿಡು.

ನಿನ್ನ
ವಿಶ್ವನಾಥ


ಔರಂಗಾಬಾದ್
3 ಮಾರ್ಚ್ 1968

ತಮ್ಮಾ ವಿಶ್ವನಾಥಾ,

ನಿನ್ನ ಕಾಗದವನ್ನು ನಿನ್ನ ಮಾವ ಖಾನಾವಳಿಯಲ್ಲಿ ಉಣ್ಣಲು ಕೂತವರಿಗೆಲ್ಲ ಗಟ್ಟಿಯಾಗಿ ಓದಿ ಹೇಳಿದರು. ಮುಖ್ಯಸ್ಥ ಅನ್ನುವ ಮಾತು ಬಂದಾಗ ಅದನ್ನು ಎರಡು ಸಲ ಓದಿದರು. ನನ್ನ ಎದೆ ಹಿಗ್ಗಿ ರೊಟ್ಟಿ ಹಂಚಿನ ಮೇಲೆ ಸೀದು ಹೋಯಿತು ನೋಡು.

ನಾಲ್ಕು ಮಂದಿ ಸಾಲುವುದಿಲ್ಲವೋ. ಎತ್ತುವುದು ಇಡುವುದು ಯಾರು ಮಾಡುತ್ತಾರೆ? ನಿನ್ನ ಮಾವನ ತಮ್ಮ, ನನ್ನ ಮೈದುನ ಮುದ್ದಣ್ಣ ಇಲ್ಲೇ ನಮ್ಮ ಖಾನಾವಳಿಯಲ್ಲಿ ಕೆಲಸ ಮಾಡಿಕೊಂಡಿದ್ದಾನಲ್ಲ, ಅವನನ್ನು ಕಳಿಸುತ್ತೇನೆ. ವಯಸ್ಸು ಇಪ್ಪತ್ತಾರು, ಗಟ್ಟಿ ಆಳು. ಕಣ್ಣು ಬಹಳ ಚುರುಕು. ಯಾವುದನ್ನೂ ಸುಮ್ಮನೆ ಒಪ್ಪಿಕೊಳ್ಳುವವನಲ್ಲ. ನಮ್ಮಲ್ಲಿ ಉಣ್ಣಲು ಬರುವವರ ಬಾಯಲ್ಲೆಲ್ಲ ಅವನದೇ ಹೆಸರು. ಇಂಥವನನ್ನು ಬಿಟ್ಟು ಕೊಡುವುದು ನನಗೆ ಕಷ್ಟವೇ, ಆದರೆ ತಮ್ಮನಿಗಾಗಿ ಅಕ್ಕ ಇಷ್ಟಾದರೂ ಮಾಡದಿದ್ದರೆ ಹೇಗೆ? ಬೇಡ ಅನ್ನಬೇಡ. ಮುಂದಿನ ಸೋಮವಾರದ ಬಸ್ಸಿಗೆ ಟಿಕೀಟು ತೆಗೆಸಿ ಆಗಿದೆ.

ನಿನ್ನ ಅಕ್ಕ
ಶಾಂತಾ


ನಾಸಿಕ್
7 ಏಪ್ರಿಲ್ 1968

ಅಕ್ಕಾ,

ಮುದ್ದಣ್ಣ ಬಂದ. ಬಸ್ಸಿನಿಂದ ಇಳಿದು, ನಾನು ಕೊಡಿಸಿದ ಚಹಾ ಒಂದು ಗುಟುಕು ಕುಡಿದು, "ಇದಕ್ಕ ಚಾ ಅಂತೀರೇನ್ರಿ ನಿಮ್ಮೂರಾಗ?" ಎಂದು ಅಂಗಡಿಯವನ ಎದುರೇ ಕೇಳಿದ. ಆಮೇಲೆ ನನ್ನ ಖೋಲಿಯ ಕಿಟಕಿ ತಪ್ಪು ಗೋಡೆಗೆ ಇದೆ ಎಂದ. ಕಾರ್ಖಾನೆಯ ಗೇಟು ಇನ್ನೂ ಅಗಲ ಬೇಕಿತ್ತು ಎಂದ. ಸುಬ್ರಹ್ಮಣ್ಯ ಬಿಳಿ ಹಾಳೆಯ ಮೇಲೆ ಲೆಕ್ಕ ಮಾಡುತ್ತ ಕೂತಿದ್ದರೆ, "ಇಷ್ಟ್ಯಾಕ ಬರೀತೀರಿ, ಒಂದ್ ಮಾಡಿ ನೋಡ್ರಿ, ಮುರದ್ರ ಗೊತ್ತಾಗ್ತದ" ಎಂದ. ಸುಬ್ರಹ್ಮಣ್ಯನಿಗೆ ಅವತ್ತು ಲೆಕ್ಕವೇ ಹತ್ತಲಿಲ್ಲ.

ಕಣ್ಣು ಚುರುಕು ಎಂದು ನೀನು ಬರೆದದ್ದು ಸುಳ್ಳಲ್ಲ. ಅವನಿಗೆ ಜವಾಬ್ದಾರಿಯ ಜಾಗವನ್ನೇ ಕೊಟ್ಟಿದ್ದೇನೆ. ಕಾರ್ಖಾನೆಯ ಸಾಮಾನೆಲ್ಲ ಈಗ ಅವನ ವಶದಲ್ಲಿದೆ. ಒಂದು ಪ್ರತ್ಯೇಕ ಖೋಲಿಯೇ ಇದೆ ಅವನಿಗೆ. ಆರಾಮಾಗಿದ್ದಾನೆ, ಚಿಂತೆ ಬೇಡ.

ಇಲ್ಲಿ ಕೆಲಸ ಹೂ ಎತ್ತಿದ ಹಾಗೆ ನಡೆದಿದೆ. ನಾನು ಹೇಳಿದ್ದನ್ನು ಶೀನ ಬರೆಯುತ್ತಾನೆ, ಶೀನ ಬರೆದದ್ದನ್ನು ಲಿಂಗರಾಜು ಮಾಡುತ್ತಾನೆ. ಸಂಜೆ ಎಲ್ಲರೂ ಕೂಡಿ ಗೋದಾವರಿಯ ದಂಡೆಗೆ ಹೋಗಿ ಚುರುಮುರಿ ತಿನ್ನುತ್ತೇವೆ.

ನಿನ್ನ
ವಿಶ್ವನಾಥ


ಔರಂಗಾಬಾದ್
12 ಮೇ 1968

ವಿಶ್ವನಾಥಾ,

ಮುದ್ದಣ್ಣನ ಕಾರ್ಡು ಬಂತು. "ವೈನಿ, ನಾನು ಗೋದಾಮಿನ್ಯಾಗ ಕೂತು ವಾಷರು ಎಣಸ್ಲಿಕ್ಕತ್ತೀನ್ರಿ. ಇಲ್ಲಿ ಯಾರೂ ಮಾತಾಡ್ಸಂಗಿಲ್ಲ, ಇಲಿ ಸುದ್ದಾ ಕನ್ನಡದವಲ್ಲ" ಎಂದು ಬರೆದಿದ್ದಾನೆ. ಗೋದಾಮಿಗೆ ಈಗ ನಾಸಿಕ್‌ನಲ್ಲಿ ಪ್ರತ್ಯೇಕ ಖೋಲಿ ಅನ್ನುತ್ತಾರೇನಪ್ಪ? ಇರಲಿ, ನಾನೇನೂ ಅನ್ನುವುದಿಲ್ಲ. ಕೆಲಸ ಕೊಟ್ಟಿದ್ದೀಯ, ಅದೇ ದೊಡ್ಡದು.

ಇಲ್ಲಂತೂ ಮನೆ ತಂಪಾಗಿದೆ. ಉಣ್ಣುವವರ ಜೊತೆ ವಾದ ಹಾಕುವವರಿಲ್ಲ. ಎಣ್ಣೆಗಾಯಿಗೆ ಹುಳಿ ಹೆಚ್ಚಾಯಿತು, ಸಾರಿಗೆ ಒಗ್ಗರಣೆ ಹೊತ್ತಿತು ಎಂದು ನನ್ನ ಬೆನ್ನ ಹಿಂದೆ ನಿಂತು ಗೊಣಗುವವರಿಲ್ಲ. ನಿನ್ನ ಮಾವ ಎಂದಿನಂತೆ ಏನು ಬಡಿಸಿದರೂ "ಭಾಳ ರುಚಿ ಆಗೇದ" ಅನ್ನುತ್ತ ಹಣದ ಗಲ್ಲೆಯ ಮೇಲೆ ಕೂತಿರುತ್ತಾರೆ. ಹದಿನಾಲ್ಕು ವರ್ಷಗಳಿಂದ ಅದೊಂದೇ ಮಾತು. ದೇವರಂಥ ಮನುಷ್ಯ.

ಬಿಸಿಲು ಜೋರಾಗಿದೆ. ಅದಕ್ಕೋ ಏನೋ, ರಾತ್ರಿ ಊಟಕ್ಕೆ ಜನ ಸ್ವಲ್ಪ ಕಡಿಮೆ.

ಶಾಂತಾ


ನಾಸಿಕ್
14 ಜುಲೈ 1968

ಅಕ್ಕಾ,

ಬರೆಯುವುದು ತಡವಾಯಿತು, ಸಿಟ್ಟಾಗಬೇಡ. ಪಂಪು ತಯಾರಾಗಿದೆ! ನೋಡಿದರೆ ಎತ್ತಿ ಮುದ್ದಾಡಬೇಕು ಅನಿಸುತ್ತದೆ. ನೀರು ತುಂಬಲು ತೆಳು ಹಿತ್ತಾಳೆಯ ಡೊಳ್ಳು, ಹೆಗಲಿಗೆ ಎರಡು ಪಟ್ಟಿ, ಬಲ ಸೊಂಟದ ಹತ್ತಿರ ಮೇಲೆ ಕೆಳಗೆ ಆಡಿಸುವ ಹಿಡಿಕೆ. ನಾವು ನಾಲ್ವರೂ ಸರದಿಯ ಮೇಲೆ ಬೆನ್ನಿಗೆ ಹಾಕಿಕೊಂಡು ಕಾರ್ಖಾನೆಯ ಅಂಗಳದಲ್ಲಿ ಉದ್ದಕ್ಕೂ ಅಡ್ಡಕ್ಕೂ ನಡೆದೆವು. ನೀರು ಹೇಗೆ ಚಿಮ್ಮಿತು ಅಂತೀಯ, ಶೇಟ್ ಅವರ ಮೋಟಾರು ಕಾರು ತೊಯ್ದು ಹೋಯಿತು.

ಹೇಗಿದೆ ಎಂದು ಹುಡುಗರನ್ನು ಕೇಳಿದೆ. "ಫಸ್ಟ್ ಕ್ಲಾಸಾಗಿದೆ ಸಾರ್" ಎಂದ ಲಿಂಗರಾಜು. "ಲೆಕ್ಕಕ್ಕೆ ಸರಿಯಾಗಿ ಕೂತಿದೆ" ಎಂದ ಸುಬ್ರಹ್ಮಣ್ಯ. ಶೀನ ಸುಮ್ಮನೆ ನಕ್ಕ, ಅವನು ಮಾತಾಡುವುದೇ ಕಡಿಮೆ. ಇಷ್ಟು ತಿಂಗಳಲ್ಲಿ ನಮ್ಮ ವಿಭಾಗದಲ್ಲಿ ಒಂದೇ ಒಂದು ದಿನವೂ ಯಾರ ದನಿಯೂ ಏರಿಲ್ಲ ಅಕ್ಕಾ. ಪಕ್ಕದ ವಿಭಾಗದವರು ಬಂದು ನೋಡಿ ಹೊಟ್ಟೆಕಿಚ್ಚು ಪಡುತ್ತಾರೆ.

ಮುದ್ದಣ್ಣ ಇನ್ನೂ ಪಂಪು ನೋಡಿಲ್ಲ. ನೋಡಿದರೆ ಏನಾದರೊಂದು ಅನ್ನುತ್ತಾನೆ, ಹುಡುಗರ ಉತ್ಸಾಹ ಕುಂದುತ್ತದೆ. ಮುಂದಿನ ತಿಂಗಳು ಪಿಂಪಳಗಾಂವಿನ ಪಾಟೀಲರ ದ್ರಾಕ್ಷಿ ತೋಟದಲ್ಲಿ ಶೇಟ್ ಎದುರು ಪರೀಕ್ಷೆ. ಆಮೇಲೆ ತೋರಿಸುತ್ತೇನೆ.

ವಿಶ್ವನಾಥ


ಔರಂಗಾಬಾದ್
28 ಜುಲೈ 1968

ವಿಶ್ವನಾಥಾ,

ಪಂಪಿನ ಸುದ್ದಿ ಕೇಳಿ ಸಂತೋಷ.

ಮುದ್ದಣ್ಣ ಸರಿಯಾಗಿ ಉಣ್ಣುತ್ತಾನೇನು? ಅವನಿಗೆ ಅಲ್ಲಿ ಬೇಸರವಾಗಿಲ್ಲ ತಾನೆ? ಮನೆಯ ಕಡೆ ನೆನಪು ಮಾಡಿಕೊಳ್ಳುತ್ತಾನೇನು? ಸುಮ್ಮನೆ ಕೇಳಿದೆ.

ಬಿಸಿಲು ಹೋಗಿ ಮಳೆ ಬಂತು, ಜನ ಮಾತ್ರ ಇನ್ನೂ ಬಂದಿಲ್ಲ. ಟೆಲಿಫೋನ್ ಆಫೀಸಿನವರು ಗುಂಪಾಗಿ ಬರುತ್ತಿದ್ದರು, ಈಗ ಶಹಾಗಂಜದ ಇನ್ನೊಂದು ಖಾನಾವಳಿಯಲ್ಲಿ ಕಾಣುತ್ತಾರಂತೆ. ಖುಲ್ದಾಬಾದಿನ ಉರುಸಿಗೆ ಹೋಗುವ ಪ್ರವಾಸಿಗಳು ಒಮ್ಮೆ ಉಂಡು ಹೋಗುತ್ತಾರೆ, ತಿರುಗಿ ಬರುವಾಗ ನಮ್ಮ ಬಾಗಿಲ ಮುಂದೆಯೇ ಹಾದು ಹೋಗುತ್ತಾರೆ. ನಿನ್ನ ಮಾವನನ್ನು ಕೇಳಿದರೆ "ನಿನ್ನ ಕೈರುಚಿ ಹಂಗೇ ಅದ, ಜನಕ್ಕೇ ಪುಣ್ಯ ಇಲ್ಲ" ಅನ್ನುತ್ತಾರೆ.

ಶಾಂತಾ


ನಾಸಿಕ್
18 ಆಗಸ್ಟ್ 1968

ಅಕ್ಕಾ,

ಮಾನ ಹೋಯಿತು.

ಪಿಂಪಳಗಾಂವಿಗೆ ಶೇಟ್ ಕಾರಿನಲ್ಲಿ ಬಂದರು, ನಾವು ಟೆಂಪೋದಲ್ಲಿ ಪಂಪನ್ನು ಮದುವಣಗಿತ್ತಿಯ ಹಾಗೆ ಮಧ್ಯದಲ್ಲಿ ಕೂರಿಸಿಕೊಂಡು ಹೋದೆವು. ಪಾಟೀಲರ ತೋಟದಲ್ಲಿ ಸಂಗಮ್ಮ ಎಂಬ ಕೂಲಿಯ ಹೆಂಗಸಿದ್ದಾಳೆ. ಬೀದರದ ಕಡೆಯವಳು, ನಮ್ಮ ಮಾತು ಕೇಳಿ ಮುಖ ಅರಳಿಸಿ, "ನಮ್ಮೂರ ಹುಡುಗ್ರು ಮಾಡ್ಯಾರಂದ್ರ ನಾನೇ ಹೊರ್ತೀನಿ" ಎಂದು ಮುಂದೆ ಬಂದಳು. ಡೊಳ್ಳಿನ ತುಂಬ ಬಳ್ಳಿಗೆ ಹೊಡೆಯುವ ಮೈಲುತುತ್ತು ಸುಣ್ಣದ ನೀಲಿ ನೀರು ತುಂಬಿದೆವು. ಬೆನ್ನಿಗೆ ಏರಿಸಿದೆವು.

ದ್ರಾಕ್ಷಿಯ ಚಪ್ಪರ ಕೆಲವು ಕಡೆ ತೀರ ತಗ್ಗಾಗಿರುತ್ತದೆ, ಬಗ್ಗಿಯೇ ಒಳಗೆ ಹೋಗಬೇಕು. ಸಂಗಮ್ಮ ಬಗ್ಗಿದಳು. ಮುಚ್ಚಳದಲ್ಲಿ ಗಾಳಿಗೆಂದು ನಾವು ಬಿಟ್ಟಿದ್ದ ರಂಧ್ರದಿಂದ ನೀಲಿ ನೀರು ಸುರ್ರೆಂದು ಅವಳ ಕುತ್ತಿಗೆಯ ಮೇಲೆ ಇಳಿಯಿತು. ಬೆಚ್ಚಿ ಎದ್ದು ನಿಂತಳು, ಅಷ್ಟರಲ್ಲಿ ಹಿಡಿಕೆಗೆ ಅವಳ ಕಚ್ಚೆ ಸೀರೆಯ ನೆರಿಗೆ ಸಿಕ್ಕಿಕೊಂಡಿತು. ಎಳೆದರೆ ಸೀರೆ ಹರಿಯುತ್ತದೆ, ಬಿಟ್ಟರೆ ನೀರು ಇಳಿಯುತ್ತದೆ. "ಯಪ್ಪಾ, ಬಿಡಸ್ರೋ, ಇದು ಪಂಪೋ ಪಿಶಾಚಿಯೋ!" ಎಂದು ಕೂಗಿಕೊಂಡಳು. ತೋಟದ ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಶೇಟ್ ನಗಲಿಲ್ಲ. "ಛಾಟಣಿಗೆ ಇನ್ನೂ ದಿನ ಇದೆ, ನೋಡಿ" ಎಂದಷ್ಟೇ ಹೇಳಿ ಕಾರು ಹತ್ತಿದರು. ಆ ಮಾತಿನ ಅರ್ಥ ನನಗೆ ಗೊತ್ತು.

ಕಾರ್ಖಾನೆಗೆ ಬಂದ ಮೇಲೆ ಹುಡುಗರನ್ನು ಕೂರಿಸಿ ಕೇಳಿದೆ, "ಒಬ್ಬರಿಗೂ ಅನುಮಾನ ಬಂದಿರಲಿಲ್ಲವೇನ್ರಪ್ಪ?" ಶೀನ ನೆಲ ನೋಡುತ್ತ, "ಮುಚ್ಚಳದ್ದು ನನಗೆ ಅನಿಸಿತ್ತು ಸರ್. ನೀವು ಖುಷಿಯಲ್ಲಿದ್ರಿ, ಹೇಳುದು ಹೇಗೆ ಅಂತ" ಎಂದ. ಲಿಂಗರಾಜು, "ಹಿಡಿಕೆ ಬಲಗಡೆ ಬೇಡ ಅನ್ಸಿತ್ತು ಸಾರ್. ಶೀನ ಅಷ್ಟು ಚೆನ್ನಾಗಿ ನಕ್ಷೆ ಬರೆದಿದ್ದ, ಬೇಜಾರು ಮಾಡ್ಕೋತಾನೆ ಅಂತ ಸುಮ್ನಿದ್ದೆ" ಎಂದ. ಸುಬ್ರಹ್ಮಣ್ಯ ಇಬ್ಬರಿಗೂ ತಲೆಯಾಡಿಸಿದ. ಅಂದರೆ ಗೊತ್ತಿತ್ತು! ಎಲ್ಲರಿಗೂ ಗೊತ್ತಿತ್ತು, ಒಬ್ಬರ ಮನಸ್ಸನ್ನು ಇನ್ನೊಬ್ಬರು ನೋಯಿಸಬಾರದೆಂದು ಎಲ್ಲರೂ ಕೂಡಿ ಆ ಬಡ ಹೆಂಗಸಿನ ಬೆನ್ನಿಗೆ ನೀಲಿ ಹೊಯ್ದೆವು. ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯಲಿಲ್ಲ.

ಅಷ್ಟು ಹೊತ್ತಿಗೆ ಮುದ್ದಣ್ಣ ಗೋದಾಮಿನಿಂದ ಎದ್ದು ಬಂದ. ಪಂಪನ್ನು ಮೊದಲ ಸಲ ನೋಡಿದ. ಸುತ್ತಲೂ ಒಂದು ಸುತ್ತು ಬಂದು, ಸೊಂಟದ ಮೇಲೆ ಕೈ ಇಟ್ಟು, "ನಾಕ್ ಮಂದಿ ಕೂಡಿ ಮಾಡೀರಿ, ಒಬ್ಬರೇ ಒಬ್ಬರು ಬಗ್ಗಿ ನೋಡಿಲ್ಲೇನ್ರಿ?" ಎಂದ. ನನಗೆ ಮೊದಲು ಮೈ ಉರಿಯಿತು, ಆಮೇಲೆ ನಗು ಬಂತು. ಈ ಮನುಷ್ಯನನ್ನು ಮಾರ್ಚಿನಿಂದ ವಾಷರು ಎಣಿಸಲು ಕೂರಿಸಿದ್ದೇನಲ್ಲ, ನನ್ನ ಬುದ್ಧಿಗೆ ಏನಾಗಿತ್ತು?

ಈಗ ನಿಜ ಹೇಳು. ಇವನನ್ನು ನೀನು ಯಾಕೆ ಕಳಿಸಿದೆ?

ವಿಶ್ವನಾಥ


ಔರಂಗಾಬಾದ್
25 ಆಗಸ್ಟ್ 1968

ತಮ್ಮಾ,

ಯಾಕೆ ಕಳಿಸಿದೆ ಅಂದರೆ, ತಾಳಲಾರದೆ ಕಳಿಸಿದೆ! ಮತ್ತೇನು? ಅವನ ಹೆಸರು ಎಲ್ಲರ ಬಾಯಲ್ಲಿ ಇತ್ತು ಎಂದು ಬರೆದಿದ್ದೆನಲ್ಲ, ಯಾವ ಕಾರಣಕ್ಕೆ ಇತ್ತು ಎಂದು ನೀನು ಕೇಳಲಿಲ್ಲ, ನಾನು ಹೇಳಲಿಲ್ಲ. ನೀನೂ ಗೋದಾಮಿಗೆ ಪ್ರತ್ಯೇಕ ಖೋಲಿ ಎಂದೆ. ಅಲ್ಲಿಗೆ ಅಕ್ಕ ತಮ್ಮ ಇಬ್ಬರದೂ ಸರಿ ಹೋಯಿತು.

ಅಳಬೇಡ. ಸಂಗಮ್ಮನಿಗೆ ಒಂದು ಒಳ್ಳೆಯ ಇಳಕಲ್ ಸೀರೆ ಕೊಡಿಸು, ಅದು ಮೊದಲು ಆಗಬೇಕು. ಆಮೇಲೆ ನನ್ನ ಮಾತು ಕೇಳು. ನಮ್ಮ ಅಡಿಗೆ ಮನೆಯನ್ನೇ ನೋಡು. ಹಿಟ್ಟು ನಾದುವ ಗಿರಿಜಮ್ಮನಿಗೆ ಮಾತು ಬಾರದು, ತೋಳಿನಲ್ಲಿ ಮಾತ್ರ ಶಕ್ತಿ. ಬಡಿಸುವ ಸರೋಜಿನಿಗೆ ರೊಟ್ಟಿ ದುಂಡಗೆ ಬಡಿಯಲು ಬಾರದು, ಆದರೆ ಸಿಟ್ಟಾಗಿ ಬಂದವನನ್ನೂ ನಗಿಸಿ ಇನ್ನೊಂದು ರೊಟ್ಟಿ ಉಣ್ಣಿಸಿ ಕಳಿಸುತ್ತಾಳೆ. ಇಬ್ಬರು ಗಿರಿಜಮ್ಮಂದಿರನ್ನು ಇಟ್ಟುಕೊಂಡರೆ ಹಿಟ್ಟಿನ ಗುಡ್ಡ ಆಗುತ್ತದೆ, ಉಣ್ಣುವವರು ಇರುವುದಿಲ್ಲ. ನೀನು ಮಾಡಿದ್ದು ಅದೇ. ನಿನ್ನ ರವಿವಾರದ ಪಂಕ್ತಿಯಲ್ಲಿ ಯಾರ ಪಕ್ಕ ಕೂತು ಉಂಡರೆ ಹಿತವೋ ಅವರನ್ನೇ ಕಾರ್ಖಾನೆಗೂ ಕೂರಿಸಿದೆ.

ದೊಡ್ಡ ಬುದ್ಧಿವಂತೆಯ ಹಾಗೆ ಹೇಳುತ್ತಿದ್ದೇನೆ ಅಂದುಕೊಳ್ಳಬೇಡ. ನಾನೇನು ಮಾಡಿದೆ? ನಮ್ಮಲ್ಲಿ ದಿನಾ ಅಡಿಗೆ ಇಳಿದ ಮೇಲೆ ಮೊದಲ ತಾಟು ಮುದ್ದಣ್ಣನಿಗೆ ಬಡಿಸುತ್ತಿದ್ದೆವು. ಪ್ರೀತಿಗಲ್ಲ, ಅವನು ಮೊದಲು ಉಂಡು ತೊಲಗಲಿ ಎಂದು. ಅವನು ಒಂದೊಂದು ತುತ್ತಿಗೂ ಒಂದೊಂದು ಕೊರತೆ ಹೇಳುತ್ತಿದ್ದ, ನಾನು ಬೈಯುತ್ತಲೇ ಉಪ್ಪು ಸರಿ ಮಾಡುತ್ತಿದ್ದೆ, ಬೈಯುತ್ತಲೇ ಖಾರ ಹೆಚ್ಚಿಸುತ್ತಿದ್ದೆ. ಆಮೇಲೆ ಊರ ಜನ ಬಂದು "ಏನ್ ರುಚಿರೀ ಬಾಯಾರ" ಅನ್ನುತ್ತಿದ್ದರು. ಆ ರುಚಿಯೆಲ್ಲ ನನ್ನ ಕೈಯದೇ ಅಂದುಕೊಂಡಿದ್ದೆ ನಾನು! ಅವನು ಹೋದ ಮೇಲೆ ಎಲ್ಲರೂ ಭಾಳ ಚಂದ ಆಗೇದ ಎಂದರು, ಹಾಗೆ ಅನ್ನುತ್ತಲೇ ಒಬ್ಬೊಬ್ಬರಾಗಿ ಬೇರೆ ಖಾನಾವಳಿಗೆ ಎದ್ದು ಹೋದರು.

ಈಗ ನಿನಗೆ ಅವನ ಅಗತ್ಯ ಹೆಚ್ಚು, ಇಟ್ಟುಕೋ. ದೀಪಾವಳಿಗೆ ಮಾತ್ರ ನನಗೆ ವಾಪಸು ಬೇಕು. ಮಾತು ಕೊಡು.

ಶಾಂತಾ


ನಾಸಿಕ್
22 ಸೆಪ್ಟೆಂಬರ್ 1968

ಅಕ್ಕಾ,

ಮಾತು ಕೊಟ್ಟೆ. ದೀಪಾವಳಿಗೆ ನಿನ್ನ ಮೈದುನ ನಿನ್ನ ಮನೆಯಲ್ಲಿರುತ್ತಾನೆ.

ಸಂಗಮ್ಮನಿಗೆ ಸೀರೆ ಕೊಟ್ಟೆ. ಸೀರೆಯ ಜೊತೆ ಕೆಲಸವನ್ನೂ ಕೊಟ್ಟೆ. ವಾರಕ್ಕೆರಡು ದಿನ ಕಾರ್ಖಾನೆಗೆ ಬರುತ್ತಾಳೆ. ನಾವು ಮಾಡಿದ್ದನ್ನು ಹೊತ್ತು, ಬಗ್ಗಿ, ಕೂತು, ಎದ್ದು ತೋರಿಸುತ್ತಾಳೆ. ಶೇಟ್ ಹೇಳಿದ ಆ ಜಗಳಗಂಟ ಫಿಟ್ಟರನನ್ನೂ ಕೇಳಿದೆ. ಮೊದಲೇ ಕರೆಯಲಿಲ್ಲವಲ್ಲ ಎಂದು ಮುಖ ತಿರುಗಿಸಿದ. ಅವನದೂ ತಪ್ಪಿಲ್ಲ.

ನಮ್ಮ ವಿಭಾಗ ಈಗ ಮೀನಿನ ಬಜಾರಾಗಿದೆ. ಮುದ್ದಣ್ಣ ಹೇಳಿದ್ದರಲ್ಲಿ ಬಹಳಷ್ಟು ಕೆಲಸಕ್ಕೆ ಬಾರದ್ದು ಎಂದೂ ಹೇಳಿಬಿಡುತ್ತೇನೆ. ಡೊಳ್ಳಿಗೆ ಹಸಿರು ಬಣ್ಣ ಯಾಕೆ ಅನ್ನುತ್ತಾನೆ. ಹಿತ್ತಾಳೆ ಬೇಡ, ಮಣ್ಣಿನ ಕೊಡ ಸಾಕು ಅನ್ನುತ್ತಾನೆ! ಅವನ ಕೈಯಲ್ಲಿ ಒಂದು ತಿರುಪು ನೆಟ್ಟಗೆ ಕೂರುವುದಿಲ್ಲ. ಲಿಂಗರಾಜು ಒಂದು ವಾರ ಅವನ ಜೊತೆ ಮಾತು ಬಿಟ್ಟಿದ್ದ. ರವಿವಾರದ ಊಟಕ್ಕೂ ಬರಲಿಲ್ಲ. ಆಮೇಲೆ ತಾನೇ ಬಂದು, "ಮುದ್ದಣ್ಣ ಬೈದ ಅಂತ ಹಠಕ್ಕೆ ಮಾಡಿದೆ ಸಾರ್, ನೋಡಿ" ಎಂದು ಹೊಸ ಮುಚ್ಚಳ ಮುಂದಿಟ್ಟ. ತಲೆಕೆಳಗು ಮಾಡಿದರೂ ಹನಿ ಇಳಿಯುವುದಿಲ್ಲ. ಹಿಡಿಕೆಯನ್ನು ಎಡಗಡೆ ತೋಳಿನ ಕೆಳಗೆ ತಂದೆವು. ಪಟ್ಟಿ ಎಷ್ಟು ಅಗಲ ಬೇಕೆಂದು ಸಂಗಮ್ಮ ತನ್ನ ಸೀರೆಯ ಸೆರಗನ್ನೇ ಮಡಿಚಿ ಹೆಗಲ ಮೇಲಿಟ್ಟು ತೋರಿಸಿದಳು.

ಎಲ್ಲಕ್ಕಿಂತ ಕಷ್ಟದ ಕೆಲಸ ಶೀನನದು. ಸಂಗಮ್ಮ ಒಂದು ಹೇಳುತ್ತಾಳೆ, ಮುದ್ದಣ್ಣ ಇನ್ನೊಂದು ಕೂಗುತ್ತಾನೆ, ಸುಬ್ರಹ್ಮಣ್ಯ ಲೆಕ್ಕ ತಪ್ಪುತ್ತದೆ ಅನ್ನುತ್ತಾನೆ. ಶೀನ ಮಧ್ಯೆ ಕೂತು ಎಲ್ಲರದನ್ನೂ ಕೇಳಿ, ಯಾವುದು ಬೇಕು ಯಾವುದು ಬೇಡ ಎಂದು ಆರಿಸಿ ಗೆರೆ ಎಳೆಯುತ್ತಾನೆ. ಆದರೆ ಇವತ್ತಿಗೂ ನನ್ನೆದುರು ಮಾತ್ರ "ಹೌದು ಸರ್" ಬಿಟ್ಟು ಬೇರೆ ಮಾತಿಲ್ಲ.

ನನಗೆ ಭಯ ಇದೆ ಅಕ್ಕಾ. ದಿನ ಹತ್ತಿರ ಬರುತ್ತಿದೆ.

ವಿಶ್ವನಾಥ


ಔರಂಗಾಬಾದ್
6 ಅಕ್ಟೋಬರ್ 1968

ವಿಶ್ವನಾಥಾ,

ಭಯ ಇದ್ದರೆ ಕೆಲಸ ಚೆನ್ನಾಗಿ ಆಗುತ್ತಿದೆ ಅಂತಲೇ ಅರ್ಥ. ಜುಲೈಯಲ್ಲಿ ನಿನಗೆ ಭಯವೇ ಇರಲಿಲ್ಲ, ನೆನಪಿದೆಯೇನು?

ಮುದ್ದಣ್ಣನ ಹಾಸಿಗೆ ಬಿಸಿಲಿಗೆ ಹಾಕಿಸಿದ್ದೇನೆ. ನಿನ್ನ ಮಾವನಿಗೆ, "ಇವತ್ತಿನಿಂದ ನೀವೇ ಕೊರತೆ ಹೇಳ್ರಿ" ಎಂದು ಎದುರು ಕೂರಿಸಿಕೊಂಡು ಬಡಿಸಿದೆ. ಪಾಪ, ಬಹಳ ಹೊತ್ತು ಯೋಚನೆ ಮಾಡಿ, "ತಾಟು ಸ್ವಲ್ಪ ಸಣ್ಣದು" ಎಂದರು.

ಶಾಂತಾ


ನಾಸಿಕ್
27 ಅಕ್ಟೋಬರ್ 1968

ಅಕ್ಕಾ,

ಗೆದ್ದೆವು! ಪಾಟೀಲರ ತೋಟದಲ್ಲಿ ಛಾಟಣಿ ನಡೆದಿತ್ತು. ಸಂಗಮ್ಮ ಪಂಪು ಹೊತ್ತು ತಗ್ಗು ಚಪ್ಪರದ ಕೆಳಗೆ ಬಗ್ಗಿಕೊಂಡೇ ಒಂದು ಸಾಲು ಮುಗಿಸಿದಳು, ಎರಡನೆಯದು ಮುಗಿಸಿದಳು. ಬೆನ್ನು ಒಣಗಿಯೇ ಇತ್ತು. ಶೇಟ್ ತಾವೇ ಕೋಟು ತೆಗೆದು ಪಂಪನ್ನು ಹೊತ್ತು ನಾಲ್ಕು ಹೆಜ್ಜೆ ನಡೆದರು. ಪಾಟೀಲರು ಅಲ್ಲೇ ನಿಂತು, ಯಾವಾಗ ಸಿಗುತ್ತದೆ ಎಂದು ಕೇಳಿದರು. ವಿಭಾಗ ಉಳಿಯಿತು. ಹುಡುಗರ ಕೆಲಸ ಉಳಿಯಿತು. ಸಂಗಮ್ಮನನ್ನೂ ಮುದ್ದಣ್ಣನನ್ನೂ ಶೇಟ್ ಕೆಲಸಕ್ಕೆ ಖಾಯಂ ಮಾಡಿದರು. ವಾಪಸು ಬರುವಾಗ ಟೆಂಪೋದಲ್ಲಿ ನನಗೆ ಅಳು ತಡೆಯಲಾಗಲಿಲ್ಲ, ಹುಡುಗರ ಎದುರೇ ಅತ್ತೆ.

ಆದರೆ ನಿನಗೆ ಮಾತು ಕೊಟ್ಟಿದ್ದೆನಲ್ಲ. ಪರೀಕ್ಷೆಯ ಗಡಿಬಿಡಿಯಲ್ಲಿ ದೀಪಾವಳಿ ಆಗಲೇ ಮುಗಿದಿತ್ತು. ಮರುದಿನ ಎಲ್ಲರನ್ನೂ ಕರೆದು, ಮುದ್ದಣ್ಣ ಔರಂಗಾಬಾದಿಗೆ ಹೋಗುತ್ತಾನೆ, ನನ್ನ ಅಕ್ಕನಿಗೆ ಬೇಕಾಗಿದ್ದಾನೆ, ನಾನು ನಿರ್ಧಾರ ಮಾಡಿ ಆಗಿದೆ ಎಂದು ಹೇಳಿದೆ. ಮುದ್ದಣ್ಣ ಏನೂ ಅನ್ನದೆ ಗೋದಾಮಿಗೆ ಹೋಗಿ ತನ್ನ ಟ್ರಂಕು ತಂದು ಬಾಗಿಲಲ್ಲಿ ಇಟ್ಟ. ಅವನು ಏನೂ ಅನ್ನದೆ ಇದ್ದದ್ದು ನಾನು ಅದೇ ಮೊದಲ ಸಲ ನೋಡಿದ್ದು.

ಆಗ ಶೀನ ಎದ್ದು ನಿಂತ. ಪೆನ್ಸಿಲು ಕೆಳಗೆ ಬಿತ್ತು. "ಆಗುದಿಲ್ಲ ಸರ್" ಎಂದ. ನಾನು ಏನು ಎಂದೆ. "ನೀವು ಹೇಳಿದ್ದು ತಪ್ಪು ಸರ್. ಮುದ್ದಣ್ಣ ಹೋಗುದು ಬೇಡ. ಇವರನ್ನು ಕಳಿಸಿದ್ರೆ ನಾವು ಪುನಃ ಮೊದಲಿನ ಹಾಗೇ ಆಗ್ತೇವೆ" ಎಂದ. ಲಿಂಗರಾಜು, ವಾರಗಟ್ಟಲೆ ಅವನ ಜೊತೆ ಕಾದಾಡಿದವನು, "ಹೌದು ಸಾರ್, ತಪ್ಪು ನಿಮ್ದೇ" ಎಂದ. ಸುಬ್ರಹ್ಮಣ್ಯ ತಲೆಯಾಡಿಸಿದ. ಸಂಗಮ್ಮ ಟ್ರಂಕಿನ ಮೇಲೆ ಹೋಗಿ ಕೂತುಬಿಟ್ಟಳು, "ಈಗ ಹ್ಯಾಂಗ ಒಯ್ತಾನ ನೋಡೇ ಬಿಡ್ತೀನಿ" ಎಂದು.

ನಾನು ಇವರ ಮುಖ್ಯಸ್ಥ ಅಕ್ಕಾ, ನಾಲ್ಕೂ ಕಡೆಯಿಂದ ನನಗೆ ಬೇಡ ಎಂದರು, ನನಗೆ ಹೇಳಲಾರದಷ್ಟು ಸಂತೋಷವಾಯಿತು. ಮುದ್ದಣ್ಣನನ್ನು ಕೇಳಿದೆ, ನಿನ್ನ ಮನಸ್ಸಿನಲ್ಲಿ ಏನಿದೆ ಹೇಳು ಎಂದು. ಅವನು ಗೋಡೆಯ ಕಡೆ ನೋಡುತ್ತ, "ಎಲ್ಲಾರೂ ಇಲ್ಲೀತನಾ ನನಗ ಹೋಗು ಅಂದಾರ್ರಿ. ಹೋಗಬ್ಯಾಡ ಅಂದವರು ಇವರೇ ಮೊದಲು" ಎಂದ. ಆಮೇಲೆ ಶರ್ಟಿನ ತೋಳಿನಿಂದ ಮುಖ ಒರೆಸಿಕೊಂಡ.

ಕೊಟ್ಟ ಮಾತು ತಪ್ಪಿದೆ ಅಕ್ಕಾ. ಬೈಯುವುದಾದರೆ ಬೈದು ಬರೆ.

ವಿಶ್ವನಾಥ


ಔರಂಗಾಬಾದ್
10 ನವೆಂಬರ್ 1968

ತಮ್ಮಾ,

ನಿನ್ನ ಕಾಗದ ಬಂದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಮುದ್ದಣ್ಣನ ಮಾತು ಬರೆದಿದ್ದೀಯಲ್ಲ, ಅದನ್ನು ಓದಿ ಒಲೆಯ ಮುಂದೆ ಹಾಗೇ ಕೂತೆ. ಅವನಿಗೆ ಹೋಗು ಎಂದವರಲ್ಲಿ ನಾನೇ ಮುಂದೆ ಇದ್ದೆ. ನಗುನಗುತ್ತ ಬುತ್ತಿ ಕಟ್ಟಿ ಬಸ್ಸು ಹತ್ತಿಸಿದ್ದೆ. ಅವನಿಗೆ ತಿಳಿಯಲಿಲ್ಲ ಅಂದುಕೊಂಡಿದ್ದೆ, ಅವನಿಗೆ ಎಲ್ಲ ತಿಳಿದಿತ್ತು. ನಿನ್ನ ಮಾವ ಬಂದು "ಯಾಕ ಅಳ್ತೀ" ಎಂದು ಕೇಳಿದರು. ಹೊಗೆ ಎಂದೆ.

ಇಟ್ಟುಕೋ ಅವನನ್ನು. ಬೈಯುವುದಿಲ್ಲ. ನನ್ನ ಖಾನಾವಳಿಯ ಚಿಂತೆ ನಿನಗೆ ಬೇಡ. ಮೊನ್ನೆ ಟೆಲಿಫೋನ್ ಆಫೀಸಿನ ರುಕ್ಮಿಣಿಬಾಯಿ ಒಬ್ಬಳೇ ಬಂದಳು, ಅರ್ಧ ಊಟ ತಾಟಿನಲ್ಲೇ ಬಿಟ್ಟು, ದುಡ್ಡು ಕೊಟ್ಟು, "ಛಲೋ ಇತ್ತು" ಎಂದು ಹೋದಳು. ನಾನು ಹಿಟ್ಟಿನ ಕೈಯಲ್ಲೇ ಶಹಾಗಂಜದ ಬೀದಿಗೆ ಓಡಿ ಅವಳನ್ನು ಹಿಡಿದೆ. "ಏನು ಕೆಟ್ಟಿತ್ತು ಹೇಳದೆ ಬಿಡುವುದಿಲ್ಲ" ಎಂದೆ. ಮೊದಲು ಸಂಕೋಚಪಟ್ಟಳು. ಒಮ್ಮೆ ಬಾಯಿ ಬಿಟ್ಟ ಮೇಲೆ, ನಮ್ಮ ಝುಣಕ ಗಟ್ಟಿ, ಸಾರು ನೀರು, ಬದನೆಕಾಯಿ ಅರೆಬೆಂದದ್ದು, ಕುಡಿಯುವ ನೀರಿನ ತಂಬಿಗೆಗೆ ಹೊಗೆಯ ವಾಸನೆ ಎಂದು ಬೀದಿಯಲ್ಲಿ ನಿಂತು ಹೇಳುತ್ತಲೇ ಹೋದಳು. ನನಗೆ ಸಿಟ್ಟು ಬಂತು, ಅವಳನ್ನು ಅಪ್ಪಿಕೊಳ್ಳಬೇಕು ಎಂದೂ ಅನಿಸಿತು. ಎರಡೂ ಹೊತ್ತು ಪುಕ್ಕಟೆ ಊಟ, ಮೊದಲ ಪಂಕ್ತಿಗೇ ಬರಬೇಕು, ಹೀಗೇ ಮಾತಾಡಬೇಕು ಎಂದು ಗೊತ್ತು ಮಾಡಿದೆ. ಈಗ ಆಫೀಸಿನವರೆಲ್ಲ ಅವಳ ಹಿಂದೆ ತಿರುಗಿ ಬರುತ್ತಿದ್ದಾರೆ.

ಮುದ್ದಣ್ಣನಿಗೆ ಒಂದು ಮಾತು ಹೇಳು. ನೀನೇ ಹೇಳು, ಬರೆದದ್ದನ್ನು ಅವನ ಕೈಗೆ ಕೊಡಬೇಡ, ಅಕ್ಷರದಲ್ಲೂ ತಪ್ಪು ಹುಡುಕುತ್ತಾನೆ. ವೈನಿಗೆ ಈಗ ಅವನಿಂದ ಯಾವ ಕೆಲಸವೂ ಆಗಬೇಕಾಗಿಲ್ಲ, ಸಂಕ್ರಾಂತಿಗೆ ಸುಮ್ಮನೆ ಮನೆಗೆ ಬಾ ಅಂದಳು ಅಂತ ಹೇಳು.

ನಿನ್ನ ಅಕ್ಕ
ಶಾಂತಾ